ಬುತ್ತಿ ಗಂಟಿನ ಕಾಲದಿಂದ ಊರ ಹೈಸ್ಕೂಲಿನವರೆಗೆ

‘ನಮ್ಮದು ಮುಲ್ಕಿ ಆಗೇತಿ’ ಎಂದು ಹೇಳುವ ಅಜ್ಜಂದಿರು ನಮ್ಮ ಭಾಗದಲ್ಲಿ ಈಗಲೂ ಸಿಗುತ್ತಾರೆ. ಮುಲ್ಕಿ ಎಂದರೆ ಮುಂಬೈ ಆಡಳಿತದ ಕಾಲದ ಏಳನೇ ಇಯತ್ತೆಯ ಪರೀಕ್ಷೆ. ಹಳ್ಳಿಯ ಬಹಳಷ್ಟು ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಮುಂದೆ ಓದಬೇಕೆಂದರೆ ವಿಜಾಪುರ ಸೇರಬೇಕು. ವಕೀಲರಾಗಿದ್ದ ಫ.ಗು. ಹಳಕಟ್ಟಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ್ದು ಈ ಊರಲ್ಲೇ. (‘ನವಕರ್ನಾಟಕ’ ಪತ್ರಿಕೆ ನಡೆಸಿದ ಅವರು ನಮ್ಮ ಕಸುಬಿನ ಹಿರಿಯರೂ ಹೌದು.) ತಿಕೋಟಾ, ಬಬಲೇಶ್ವರ ಈಗ ಬೈಕಿನ ದಾರಿ. ಆಗ ಹದಿಮೂರು ವರ್ಷದ ಹುಡುಗ ನಗರದಲ್ಲಿ ಖೋಲಿ ಹಿಡಿದು ಇರಬೇಕಿತ್ತು. ಬಸ್ಸು ಬಂದ ಮೇಲೆ ಊರಿಂದ ಬುತ್ತಿ ಬರತೊಡಗಿತು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ. ಬುತ್ತಿ ತಪ್ಪಿದ ದಿನ ಉಪವಾಸ. ಆದರೆ ಹೆಣ್ಣುಮಕ್ಕಳಿಗೆ ಹೀಗೆ ಬುತ್ತಿ ಕಟ್ಟಿ ಓದಿಸಿದ ಮನೆಗಳು ಬಲು ಕಡಿಮೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡತೊಡಗಿತು. 2009ರಲ್ಲಿ ಬಂದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ 5 ಕಿ.ಮೀ. ಒಳಗೇ ಹೈಸ್ಕೂಲು ಇರಬೇಕು ಎಂದಿತು. ಎಷ್ಟೋ ಊರುಗಳ ಹಿರಿಯ ಪ್ರಾಥಮಿಕ ಶಾಲೆಗಳು ಹೈಸ್ಕೂಲುಗಳಾದವು. ಸಣ್ಣ ಹೈಸ್ಕೂಲು ಹುಟ್ಟಿದ್ದು ಹೀಗೆ, ದೂರ ಕಡಿಮೆ ಮಾಡಲಿಕ್ಕೆ. ಕಲಿಕೆಗೆ ಸಣ್ಣದು ಒಳ್ಳೆಯದೋ ದೊಡ್ಡದೋ ಎಂದು ಆಗ ಯಾರೂ ತೂಗಿ ನೋಡಿರಲಿಕ್ಕಿಲ್ಲ.

ತೂಗಿ ನೋಡಿದವರು ಬೇರೆ ಕಡೆ ಇದ್ದಾರೆ. ಅಮೆರಿಕದ ಕಾನ್ಸಾಸ್‌ನ ಹೈಸ್ಕೂಲುಗಳ ಬಗ್ಗೆ ಬಾರ್ಕರ್ ಮತ್ತು ಗಂಪ್ ಎಂಬ ಇಬ್ಬರು 1964ರಲ್ಲಿ ಪುಸ್ತಕ ತಂದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆ ಹೆಚ್ಚು, ಆದರೆ ಬಹಳ ಮಕ್ಕಳು ಬರೀ ನೋಡುವವರು; ಸಣ್ಣ ಶಾಲೆಯಲ್ಲಿ ಹೆಚ್ಚು ಮಕ್ಕಳಿಗೆ ಪಾತ್ರ ಸಿಗುತ್ತದೆ ಎಂಬುದು ಅವರಿಗೆ ಕಂಡದ್ದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಖೋ-ಖೋ ಅಂಕಣಕ್ಕೆ ಒಂಬತ್ತು ಮಂದಿ ಬೇಕು. ಶಾಲೆಯಲ್ಲಿ ಇರುವುದೇ ಅರವತ್ತು ಮಕ್ಕಳಾದರೆ ಹಿಂದಿನ ಬೆಂಚಿನ ಹುಡುಗಿಯನ್ನೂ ಎಬ್ಬಿಸಲೇಬೇಕು.

ಗುಳೆ ಹೋಗುವ ನಮ್ಮ ಸೀಮೆಗೆ ಇನ್ನೊಂದು ಲಾಭವಿದೆ. ಕಬ್ಬು ಕಡಿಯಲು ಮನೆಮಂದಿ ಹೊರಟರೆ, ಅರವತ್ತು ಮಕ್ಕಳ ಶಾಲೆಯಲ್ಲಿ ಖಾಲಿ ಜಾಗ ಅದೇ ದಿನ ಕಣ್ಣಿಗೆ ಬೀಳುತ್ತದೆ. ಯಾರ ಮಗ, ಅಜ್ಜಿ ಊರಲ್ಲೇ ಇದ್ದಾಳೋ ಎಂಬುದು ಮಾಸ್ತರಿಗೆ ಗೊತ್ತಿರುತ್ತದೆ. ಆರುನೂರು ಮಕ್ಕಳ ಶಾಲೆಯಲ್ಲಿ ಅದು ಹಾಜರಿಯ ಒಂದು ಗೆರೆ.

ಹಾಗಂತ ಸಣ್ಣದೆಲ್ಲ ಚಿನ್ನವಲ್ಲ. ನ್ಯೂಯಾರ್ಕ್ ನಗರ 2002ರ ನಂತರ ಸೋತ ದೊಡ್ಡ ಹೈಸ್ಕೂಲುಗಳನ್ನು ಮುಚ್ಚಿ ಸಣ್ಣವನ್ನು ತೆರೆಯಿತು. ಓದು ಮುಗಿಸುವವರು ಹೆಚ್ಚಿದರು. ಇಂಥ ಶಾಲೆಗಳಿಗೆ ದೇಶದ ಹಲವೆಡೆ ದುಡ್ಡು ಸುರಿದ ಬಿಲ್ ಗೇಟ್ಸ್ ಮಾತ್ರ, ಅವುಗಳಲ್ಲಿ ಬಹಳಷ್ಟು ಕಡೆ ಕಲಿಕೆ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ ಎಂದು 2009ರಲ್ಲಿ ಬರೆದುಕೊಂಡರು. ಮಕ್ಕಳ ಸಂಖ್ಯೆ ಇಳಿಸಿದ ಮಾತ್ರಕ್ಕೆ ಪಾಠ ಸುಧಾರಿಸುವುದಿಲ್ಲ. ಊರ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಮಾಸ್ತರು. ಅವರಿಗೆ ವರ್ಗವಾದರೆ ಮೂರೂ ತರಗತಿಗೆ ಗಣಿತವೇ ಇಲ್ಲ. ದೊಡ್ಡ ಶಾಲೆಯಲ್ಲಾದರೆ ಇನ್ನೊಬ್ಬರು ಇರುತ್ತಾರೆ. ಸಣ್ಣ ಶಾಲೆಯ ನಿಜವಾದ ರೋಗ ಇದೇ ಎಂಬುದು ನನ್ನ ಎಣಿಕೆ.

2018-19ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದಿವೆ. ಪಿಯುಸಿವರೆಗೆ ಒಂದೇ ಆವರಣ. ಪ್ರಯೋಗಾಲಯ, ವಿಷಯಕ್ಕೊಬ್ಬ ಶಿಕ್ಷಕರು ಸಿಗುವುದಾದರೆ ಬೇಡ ಎನ್ನುವವರು ಯಾರು? ಆದರೆ ನಿಮ್ಮ ಊರ ಹೈಸ್ಕೂಲನ್ನು ದೂರದ ದೊಡ್ಡ ಶಾಲೆಗೆ ಸೇರಿಸುವ ಮಾತು ಬಂದರೆ, ಪಾಲಕರ ಸಭೆಯಲ್ಲಿ ಮೊದಲು ಬಸ್ಸಿನ ವೇಳೆ ಕೇಳಿ. ಸಂಜೆ ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತಾರೆ, ಬಸ್ಸು ತಪ್ಪಿದರೆ ಯಾರು ಹೊಣೆ ಎಂದೂ ಕೇಳಿ. ಶಾಲೆ ಊರಲ್ಲೇ ಉಳಿದರೆ, ಈ ವರ್ಷ ಎಂಟನೇ ತರಗತಿಗೆ ಗಣಿತ ಹೇಳುವವರು ಯಾರು ಎಂದು ಕೇಳಿ.