ಸವೆದ ಸ್ಕ್ರೂ, ಕಟ್ಟಿದ ಜೆಟ್: ಮೈಸೂರು ಜಾವಾದ ದುರಸ್ತಿ ಚರಿತ್ರೆ

ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ ಕವಚದ ಮೇಲೆ ಗೀರು ಹರಿದು ತಲೆ ಉರುಟಾದ ಸ್ಕ್ರೂಗಳು ಕಂಡರೆ ಅವನ್ನು ವಯಸ್ಸಿನ ಲಕ್ಷಣವೆಂದು ತಿಳಿಯುವುದು ರೂಢಿ. ಆದರೆ ಪಿಸ್ಟನ್ನಿನಂತೆ, ಚೈನಿನಂತೆ ಸ್ಕ್ರೂವಿನ ತಲೆ ಓಟದಿಂದ ಸವೆಯುವ ಭಾಗವಲ್ಲ. ಗಾಡಿ ಎಷ್ಟು ಸಾವಿರ ಕಿಲೋಮೀಟರು ಓಡಿದ್ದರೂ ಯಾರೂ ಮುಟ್ಟದ ಸ್ಕ್ರೂವಿನ ಗೀರು ತನ್ನ ಅಂಚನ್ನು ಉಳಿಸಿಕೊಂಡಿರುತ್ತದೆ. ಅದರ ಮೇಲಿನ ಪ್ರತಿಯೊಂದು ಗಾಯವೂ ಯಾರೋ ಒಬ್ಬರು ಅದನ್ನು ಬಿಚ್ಚಲು ಅಥವಾ ಬಿಗಿಯಲು ಕೈಹಾಕಿದಾಗ ಆದದ್ದು. ಆದಕಾರಣ ಅದು ಗಾಡಿಯ ಬಳಕೆಗಿಂತ ಹೆಚ್ಚಾಗಿ ಅದರ ದುರಸ್ತಿಯ ಚರಿತ್ರೆಗೆ ಸಲ್ಲುವ ದಾಖಲೆ. ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಈ ದೃಷ್ಟಿಯಿಂದ ನೋಡಿದಾಗ, ಯಂತ್ರದ ದೋಷವೆಂದು ಹೆಸರಾದುವುಗಳಲ್ಲಿ ಬಹುಪಾಲು ಸರಿಯಾದ ಉಪಕರಣ, ಬಿಡಿಭಾಗ ಮತ್ತು ಅಳತೆಗಳ ಕೊರತೆಯಿಂದ ಹುಟ್ಟಿದುವೆಂಬುದು ತಿಳಿದುಬರುತ್ತದೆ.

ಜಾವಾ ಎಂಬ ಹೆಸರು ಪ್ರಾಗ್ ನಗರದ ಉದ್ಯಮಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸವನ್ನು ಕೊಂಡಾಗ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ್ದರಿಂದ ಬಂದದ್ದು. ಭಾರತಕ್ಕೆ ಆಮದಾಗಿ ಬರುತ್ತಿದ್ದ ಈ ಗಾಡಿಯನ್ನು ಇಲ್ಲಿಯೇ ತಯಾರಿಸಲು ರುಸ್ತುಮ್ ಇರಾನಿ ಮತ್ತು ಫಾರೂಕ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದರು. ಮೈಸೂರಿನ ಯಾದವಗಿರಿಯಲ್ಲಿ ಎದ್ದ ಅದರ ಕಾರ್ಖಾನೆಯನ್ನು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂದಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ತಯಾರಕನಿಲ್ಲದ ಆ ಮೇಲಿನ ವರ್ಷಗಳಲ್ಲಿ ಅವನ್ನು ನಡೆಸಿದ್ದು ಊರೂರಿನ ಗ್ಯಾರೇಜುಗಳು, ಲೇತ್ ಅಂಗಡಿಗಳು ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗಳು. ಕಾರ್ಖಾನೆಯನ್ನು ಉದ್ಘಾಟಿಸಿದ ಒಡೆಯರ ಹೆಸರನ್ನೇ ಆ ರಸ್ತೆಯೂ ಹೊತ್ತಿರುವುದು ಆಕಸ್ಮಿಕವೇ ಆದರೂ ಗಮನಕ್ಕೆ ಬಾರದೆ ಇರದು.

ಕಾರ್ಖಾನೆ ಹುಟ್ಟಿದ ಕಾಲವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಭಾರತವು ಮೆಟ್ರಿಕ್ ಪದ್ಧತಿಯನ್ನು ಒಪ್ಪಿದ್ದು 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ. 1958ರಿಂದ ಅದು ಹಂತಹಂತವಾಗಿ ಜಾರಿಗೆ ಬಂದಿತು. ಚೆಕ್ ಮೂಲದ ಜಾವಾದ ಸ್ಕ್ರೂಗಳು ಮಿಲಿಮೀಟರಿನ ಅಳತೆಯವು. ಆದರೆ 1955ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಬುಲೆಟ್ ಇಂಗ್ಲೆಂಡಿನ ಪರಂಪರೆಯದು, ಅದರ ಬೋಲ್ಟುಗಳು ಇಂಚಿನ ಲೆಕ್ಕದವು. ಜೋಸೆಫ್ ವಿಟ್ವರ್ತ್ 1841ರಲ್ಲಿ ನಿಗದಿಮಾಡಿದ ಇಂಗ್ಲಿಷ್ ಥ್ರೆಡ್ಡಿನ, ಅಂದರೆ ಸ್ಕ್ರೂವಿನ ಮೈಮೇಲಿನ ಸುರುಳಿ ಗೆರೆಯ, ಕೋನ 55 ಡಿಗ್ರಿ. ಮೆಟ್ರಿಕ್ ಥ್ರೆಡ್ಡಿನದು 60 ಡಿಗ್ರಿ. ಕಾಲಿಂಚಿನ ವಿಟ್ವರ್ತ್ ಬೋಲ್ಟಿನ ವ್ಯಾಸ 6.35 ಮಿ.ಮೀ., ಹಾಗಾಗಿ 6 ಮಿ.ಮೀ. ಸ್ಕ್ರೂ ಕಳೆದುಹೋದ ರಂಧ್ರಕ್ಕೆ ಅದು ಸುಮಾರಾಗಿ ಹೊಂದುವಂತೆ ತೋರಿ, ಒಂದೆರಡು ಸುತ್ತು ಹೋಗಿ, ಆಮೇಲೆ ಬಲದಿಂದ ತಿರುಗಿಸಿದರೆ ಎಂಜಿನ್ನಿನ ಅಲ್ಯೂಮಿನಿಯಮ್ ಮೈಯ ಥ್ರೆಡ್ಡನ್ನೇ ಕೊರೆದುಕೊಂಡು ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಚಿನ ಸಾಮಾನೇ ಸುಲಭವಾಗಿ ಸಿಗುತ್ತಿದ್ದ ದಿನಗಳಲ್ಲಿ ಹೀಗೆ ಮಾಡಿದವರನ್ನು ದೂರುವುದು ನ್ಯಾಯವಲ್ಲ. ಆದರೆ ಎರಡು ಅಳತೆಯ ಪದ್ಧತಿಗಳ ಈ ಬಲವಂತದ ಮದುವೆಯ ಫಲವನ್ನು ಅನುಭವಿಸಿದವರು ಮುಂದಿನ ತಲೆಮಾರಿನ ಮೆಕ್ಯಾನಿಕ್ಕುಗಳು.

ಜಾವಾ ಎಂಜಿನ್ನಿನ ಕವಚಗಳನ್ನು ಹಿಡಿದಿದ್ದುದು ತಲೆಯ ಮೇಲೆ ಒಂದೇ ಗೀರುಳ್ಳ ಉಕ್ಕಿನ ಸ್ಕ್ರೂಗಳು. ಅವುಗಳಲ್ಲಿ ಬಲಬದಿಯ ಕವಚದವೇ ಹೆಚ್ಚು ಹಾಳಾಗಿರುವುದಕ್ಕೆ ಕಾರಣವಿದೆ. ಆ ಕವಚದ ಒಳಗೆ ಡೈನಮೋ ಮತ್ತು ಕಾಂಟ್ಯಾಕ್ಟ್ ಪಾಯಿಂಟ್ ಇವೆ. ಪಾಯಿಂಟ್ ಎಂದರೆ ತಕ್ಕ ಗಳಿಗೆಯಲ್ಲಿ ತೆರೆದುಕೊಂಡು ಪ್ಲಗ್ಗಿನಲ್ಲಿ ಕಿಡಿ ಹಾರುವಂತೆ ಮಾಡುವ ಪುಟ್ಟ ಸ್ವಿಚ್ಚು, ಅದರ ತೆರವು ಸುಮಾರು 0.4 ಮಿ.ಮೀ. ಇರಬೇಕು. ಈ ತೆರವು ಸವೆತದಿಂದ ಬದಲಾಗುತ್ತ ಹೋಗುವುದರಿಂದ ಕವಚವನ್ನು ಪದೇ ಪದೇ ಬಿಚ್ಚಲೇಬೇಕಾಗುತ್ತಿತ್ತು, ಅದೂ ಬಹಳ ಸಲ ರಸ್ತೆಯ ಬದಿಯಲ್ಲಿ, ಕೈಗೆ ಸಿಕ್ಕಿದ ಉಪಕರಣದಿಂದ. ಗೀರಿಗಿಂತ ತೆಳ್ಳಗಿನ ಸ್ಕ್ರೂ ಡ್ರೈವರು, ಅದೂ ಇಲ್ಲದಾಗ ಮನೆಯ ವಿದ್ಯುತ್ತನ್ನು ಪರೀಕ್ಷಿಸುವ ಟೆಸ್ಟರು, ಗೀರಿನ ಎರಡು ಮೂಲೆಗಳನ್ನು ಮಾತ್ರ ಹಿಡಿದು ಲೋಹವನ್ನು ಕಿತ್ತು ಮೇಲೇಳುತ್ತದೆ. ಎರಡನೆಯ ಸಲಕ್ಕೆ ಹಿಡಿತ ಇನ್ನೂ ಕಡಿಮೆ, ಮೂರನೆಯ ಸಲಕ್ಕೆ ಉಳಿಯೇ ಗತಿ.

ಉಕ್ಕಿನ ಸ್ಕ್ರೂ ಅಲ್ಯೂಮಿನಿಯಮ್ಮಿನಲ್ಲಿ ಕಚ್ಚಿಕೊಳ್ಳುವುದಕ್ಕೆ ರಸಾಯನದ ಕಾರಣವೂ ಇದೆ. ಬೇರೆ ಬೇರೆ ಜಾತಿಯ ಎರಡು ಲೋಹಗಳು ತೇವದ ಸಂಪರ್ಕದಲ್ಲಿ ಕೂಡಿದ್ದರೆ ಅಲ್ಲಿ ಒಂದು ಸಣ್ಣ ಬ್ಯಾಟರಿಯೇ ಏರ್ಪಟ್ಟಂತಾಗಿ ಅಲ್ಯೂಮಿನಿಯಮ್ ಕರಗುತ್ತ ಬಿಳಿಯ ಪುಡಿಯಾಗುತ್ತದೆ. ಆ ಪುಡಿ ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್ಡಿನ ಸಂದುಗಳಲ್ಲಿ ಗಟ್ಟಿಯಾಗಿ ತುರುಕಿಕೊಳ್ಳುತ್ತದೆ. ಅನುಭವಿ ಕೈಗಳು ಇದನ್ನು ಎದುರಿಸುವ ಕ್ರಮದಲ್ಲಿ ಅವಸರಕ್ಕೆ ಎಡೆಯಿಲ್ಲ. ಗೀರಿನ ಕೊಳೆಯನ್ನು ಕೆರೆದು ತೆಗೆದು, ಡೀಸೆಲ್ಲನ್ನೋ ಸೀಮೆಎಣ್ಣೆಯನ್ನೋ ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡುವುದು ಮೊದಲು. ಬೆಳಗ್ಗೆ ಸ್ಕ್ರೂವಿನ ತಲೆಗೆ ನೇರವಾಗಿ ಒಂದು ಪೆಟ್ಟು ಕೊಟ್ಟು ಒಳಗಿನ ಪುಡಿಯ ಬಿಗಿ ಒಡೆಯುವಂತೆ ಮಾಡುವುದು. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿ ನೋಡುವುದು. ಬಿಸಿಯೂ ನೆರವಾಗುತ್ತದೆ, ಏಕೆಂದರೆ ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ ಉಕ್ಕಿಗಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗಿ ರಂಧ್ರದ ಹಿಡಿತ ಸಡಿಲವಾಗುತ್ತದೆ.

ಇಷ್ಟಕ್ಕೂ ಜಗ್ಗದ ಸ್ಕ್ರೂವಿಗೆ ಉಳಿಯ ತುದಿಯನ್ನು ತಲೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಸುತ್ತಿಗೆಯಿಂದ ತಟ್ಟುವುದು ಹಳೆಯ ಉಪಾಯ. ಜಾವಾ ಕವಚಗಳ ಸ್ಕ್ರೂಗಳ ಅಂಚಿನಲ್ಲಿ ಕಾಣುವ ಅರ್ಧಚಂದ್ರದ ಕಚ್ಚುಗಳು ಅದರ ಗುರುತು. ಅದೂ ಸೋತಾಗ ಡ್ರಿಲ್ಲಿನಿಂದ ತಲೆಯನ್ನೇ ಕೊರೆದು ತೆಗೆಯುತ್ತಾರೆ. ನೋಡುವವರಿಗೆ ಇದು ಸೋಲೊಪ್ಪಿದಂತೆ ಕಂಡರೂ ಯಂತ್ರಶಾಸ್ತ್ರದ ದೃಷ್ಟಿಯಿಂದ ಬಹು ಜಾಣತನದ ಹೆಜ್ಜೆ: ಸ್ಕ್ರೂವನ್ನು ಬಿಗಿಯಾಗಿ ಎಳೆದು ಹಿಡಿದಿದ್ದುದು ತಲೆ ಮತ್ತು ಥ್ರೆಡ್ಡುಗಳ ನಡುವಿನ ಸೆಳೆತ, ತಲೆ ಹೋದೊಡನೆ ಆ ಸೆಳೆತ ಸತ್ತು, ಕವಚವನ್ನು ಎತ್ತಿದ ಮೇಲೆ ಉಳಿದ ಮೋಟು ಕಾಂಡ ಎಷ್ಟೋ ಸಲ ಕಟಿಂಗ್ ಪ್ಲೇಯರಿಗೆ, ಕೆಲವೊಮ್ಮೆ ಬರಿಯ ಬೆರಳಿಗೇ, ತಿರುಗಿ ಬಂದುಬಿಡುತ್ತದೆ. ಕಾಂಡದ ನಡುವೆ ರಂಧ್ರ ಕೊರೆದು ಎಡಸುತ್ತಿನ ಉಪಕರಣವನ್ನು ತೂರಿಸಿ ಎಳೆಯುವ ಈಜಿ ಔಟ್ ಎಂಬ ಸಾಧನ ಮಾತ್ರ ಹೆಸರಿಗೆ ತಕ್ಕಂತೆ ಸುಲಭವಲ್ಲ. ಅದು ಗಡಸು ಉಕ್ಕಿನದಾದ್ದರಿಂದ ಒಳಗೆ ಮುರಿದುಕೊಂಡರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ.

ಪೆಟ್ಟನ್ನೇ ತಿರುಗುವ ಬಲವಾಗಿ ಮಾರ್ಪಡಿಸುವ ಇಂಪ್ಯಾಕ್ಟ್ ಡ್ರೈವರಿನ ಒಳಗೆ ಓರೆಯಾದ ತೋಡುಗಳಿರುತ್ತವೆ. ಸುತ್ತಿಗೆಯಿಂದ ಹೊಡೆದಾಗ ತುದಿ ಸ್ಕ್ರೂವಿನೊಳಗೆ ಒತ್ತಿಕೊಳ್ಳುತ್ತಲೇ ತುಸು ತಿರುಗುತ್ತದೆ. ಇದರ ಅಗತ್ಯ ಗ್ಯಾರೇಜುಗಳಿಗೆ ತೀವ್ರವಾಗಿ ತಟ್ಟಿದ್ದು 1980ರ ದಶಕದ ನಡುವೆ ಜಪಾನಿ ಸಹಯೋಗದ ನೂರು ಸಿ.ಸಿ. ಗಾಡಿಗಳು ಬಂದಾಗ: 1984ರಲ್ಲಿ ಹೊಸೂರಿನ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೊಂಡಾ ಮತ್ತು ಯಮಾಹಾ ಆರ್‌ಎಕ್ಸ್ 100. ಅವುಗಳಲ್ಲಿದ್ದುದು ಗ್ಯಾರೇಜಿನ ಭಾಷೆಯಲ್ಲಿ ಸ್ಟಾರ್ ಸ್ಕ್ರೂ, ಅಂದರೆ ತಲೆಯ ಮೇಲೆ ಕೂಡುಗುರುತಿನ ಕುಳಿಯುಳ್ಳದ್ದು. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಬಳಕೆಗೆ ತಂದ ಕೂಡುಗುರುತಿನ ತಲೆಗೂ ಜಪಾನಿನ ಮಾನದಂಡದ ತಲೆಗೂ ಕುಳಿಯ ಆಕಾರದಲ್ಲಿ ಸಣ್ಣ ವ್ಯತ್ಯಾಸವಿದೆ. ಪೇಟೆಯಲ್ಲಿ ಸಿಗುವ ಫಿಲಿಪ್ಸ್ ಮಾದರಿಯ ಡ್ರೈವರು ಜಪಾನಿ ಕುಳಿಯ ತಳ ಮುಟ್ಟದೆ, ಬಲ ಹೆಚ್ಚಿದಂತೆ ಮೇಲಕ್ಕೆ ಜಾರಿ ಕುಳಿಯನ್ನು ಉರುಟಾಗಿಸುತ್ತದೆ. ಜಾವಾದ ಅಗಲ ಗೀರು ಒರಟು ಕೈಯನ್ನು ಎರಡು ಮೂರು ಬಾರಿಯಾದರೂ ಸಹಿಸುತ್ತಿತ್ತು, ಈ ಕುಳಿ ಒಂದು ಬಾರಿಗೂ ಒಪ್ಪಲಿಲ್ಲ.

ಸ್ಕ್ರೂವಿನ ವಿಷಯದಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ. ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬೋರೇಟರಿನ ವಿಷಯದಲ್ಲಿ ಹಾಗಲ್ಲ. ಗಾಳಿ ಇಕ್ಕಟ್ಟಾದ ಕೊಳವೆಯಲ್ಲಿ ಹಾಯುವಾಗ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆಂಬ, ಬರ್ನೌಲಿ 1738ರಲ್ಲಿ ವಿವರಿಸಿದ ಮತ್ತು ವೆಂಚುರಿ 1797ರಲ್ಲಿ ಪ್ರಯೋಗದಿಂದ ತೋರಿದ ತತ್ತ್ವವೇ ಅದರ ಆಧಾರ. ಪೆಟ್ರೋಲನ್ನು ಸಣ್ಣ ರಂಧ್ರದಿಂದ ಚಿಮ್ಮಿಸುವ ಮಾದರಿಯನ್ನು 1893ರಲ್ಲಿ ಜರ್ಮನಿಯ ಮೇಬಾಕ್ ಮತ್ತು ಹಂಗೇರಿಯ ಬಾಂಕಿ, ಚೊಂಕ ಬೇರೆ ಬೇರೆಯಾಗಿ ರೂಪಿಸಿದರು. ಜಾವಾಕ್ಕೆ ಬರುತ್ತಿದ್ದುದು ಚೆಕ್ ದೇಶದ ಯಿಕೋವ್ ಕಾರ್ಬೋರೇಟರು. ಕನ್ನಡದ ಗ್ಯಾರೇಜುಗಳಲ್ಲಿ ಅದು ಜಿಕೋವ್ ಆಯಿತು. ಅದರ ತೊಟ್ಟಿಯಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ತೇಲು, ಅಂದರೆ ಫ್ಲೋಟ್, ಆಕ್ಸಿಲೇಟರು ತಿರುಗಿಸಿದಂತೆ ಮೇಲೇರುವ ಸ್ಲೈಡ್, ಸ್ಲೈಡಿಗೆ ತೂಗುಬಿದ್ದ ಮೊನಚು ಸೂಜಿ ಮತ್ತು ಜೆಟ್ ಎಂಬ, ರಂಧ್ರವುಳ್ಳ ಹಿತ್ತಾಳೆಯ ತುಣುಕುಗಳು ಇವೆ. ಗಾಡಿ ನಿಂತಲ್ಲೇ ಗುರುಗುಡುವಾಗ ಪೈಲಟ್ ಜೆಟ್ಟು, ಆಮೇಲೆ ಸ್ಲೈಡಿನ ಓರೆಯಾಗಿ ಕತ್ತರಿಸಿದ ಅಂಚು, ಕಾಲು ಭಾಗದಿಂದ ಮುಕ್ಕಾಲರವರೆಗೆ ಸೂಜಿ, ಪೂರ್ತಿ ತೆರೆದಾಗ ಮೇನ್ ಜೆಟ್ಟು, ಹೀಗೆ ಒಂದೊಂದು ಹಂತಕ್ಕೆ ಒಂದೊಂದು ಭಾಗ ಹೊಣೆ. ಯಾವ ಹಂತದಲ್ಲಿ ಗಾಡಿ ತೊದಲುತ್ತದೆಂದು ಕೇಳಿಸಿಕೊಂಡರೆ ಎಲ್ಲಿ ಕೈಹಾಕಬೇಕೆಂಬುದು ಅರ್ಧ ತಿಳಿದಂತೆ.

ಎರಡು ಸ್ಟ್ರೋಕಿನ ಈ ಎಂಜಿನ್ನಿಗೆ ಲೀಟರು ಪೆಟ್ರೋಲಿಗೆ ಸುಮಾರು 40 ಮಿ.ಲೀ. ಎಣ್ಣೆ ಬೆರೆಸಬೇಕಾಗಿತ್ತು. ಗಾಡಿ ತಿಂಗಳುಗಟ್ಟಲೆ ನಿಂತರೆ ಪೆಟ್ರೋಲು ಆವಿಯಾಗಿ ಎಣ್ಣೆಯ ಅಂಟು ಮಾತ್ರ ತೊಟ್ಟಿಯ ತಳದಲ್ಲಿ ಉಳಿದು ಪೈಲಟ್ ಜೆಟ್ಟನ್ನು ಕಟ್ಟುತ್ತದೆ. ಅದನ್ನು ಬಿಡಿಸಲು ಉಕ್ಕಿನ ತಂತಿ ಚುಚ್ಚುವ ಅಭ್ಯಾಸದಿಂದ ಆದ ಹಾನಿ, ಅಂಟಿನಿಂದ ಆದ ಹಾನಿಗಿಂತ ದೊಡ್ಡದು. ಹಿತ್ತಾಳೆ ಮೆತ್ತಗಿನ ಲೋಹ, ಒಂದು ಮಿ.ಮೀ. ವ್ಯಾಸದ ರಂಧ್ರ 1.05 ಮಿ.ಮೀ.ಗೆ ಹಿಗ್ಗಿದರೆ ಅದರ ಬಾಯಿಯ ವಿಸ್ತೀರ್ಣ ಶೇಕಡಾ 10ರಷ್ಟು ಹೆಚ್ಚುತ್ತದೆ, ಆದರೆ ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ಹಳೆಯದೇ ಆಗಿರುತ್ತದೆ. ಬುಲೆಟ್ಟಿನ ಏಮಲ್ ಕಾರ್ಬೋರೇಟರಿನಲ್ಲಿ ಆ ಸಂಖ್ಯೆ ನಿಮಿಷಕ್ಕೆ ಹರಿಯುವ ದ್ರವದ ಪ್ರಮಾಣವನ್ನೂ ಇನ್ನು ಕೆಲವು ತಯಾರಕರಲ್ಲಿ ರಂಧ್ರದ ವ್ಯಾಸವನ್ನೂ ಸೂಚಿಸುವುದರಿಂದ, ಒಂದರ ಜೆಟ್ಟನ್ನು ಸಂಖ್ಯೆ ನೋಡಿ ಇನ್ನೊಂದಕ್ಕೆ ಹಾಕಿದವರಿಗೆ ಲೆಕ್ಕ ಎಂದೂ ಕೂಡಲಿಲ್ಲ.

ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ಕಾರ್ಬೋರೇಟರಿನ ದೋಷವೆಂದು ಬಿಚ್ಚಿದಲ್ಲೆಲ್ಲ ದೋಷ ಅಲ್ಲಿಯೇ ಇರಲಿಲ್ಲವೆಂಬುದು. ಎರಡು ಸ್ಟ್ರೋಕಿನ ಎಂಜಿನ್ನು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಮೊದಲು ಕ್ರ್ಯಾಂಕಿನ ಕೋಣೆಗೆ ಎಳೆದುಕೊಳ್ಳುತ್ತದೆ. ಆ ಕೋಣೆಯ ಎರಡು ಬದಿಯ ಎಣ್ಣೆ ಸೀಲುಗಳು, ಅಂದರೆ ರಬ್ಬರಿನ ತಡೆಬಳೆಗಳು, ಹಳತಾದರೆ ಉಸಿರು ಸೋರುತ್ತದೆ. ಜಾವಾದ ಎಡಬದಿಯ ಸೀಲು ಸೋರಿದರೆ ಕ್ಲಚ್ಚಿನ ಕಡೆಯ ಗೇರ್ ಎಣ್ಣೆ ಒಳಕ್ಕೆ ಬಂದು ಹೊಗೆ ದಟ್ಟವಾಗುತ್ತದೆ, ಗೇರ್ ಎಣ್ಣೆಯ ಮಟ್ಟ ಕಾರಣವಿಲ್ಲದೆ ಇಳಿಯುತ್ತದೆ. ಡೈನಮೋ ಇರುವ ಬಲಬದಿ ಒಣದಾದ್ದರಿಂದ ಅಲ್ಲಿ ಸೋರಿದರೆ ಬರಿಯ ಗಾಳಿ ಒಳಬಂದು ಮಿಶ್ರಣ ತೆಳುವಾಗಿ, ಆಕ್ಸಿಲೇಟರು ಬಿಟ್ಟರೂ ಎಂಜಿನ್ನು ಕಿರುಚುತ್ತಲೇ ಇರುತ್ತದೆ. ಈ ಎರಡಕ್ಕೂ ಕಾರ್ಬೋರೇಟರಿನಲ್ಲಿ ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ತಿರುಗಿಸಿ ಪರಿಹಾರ ಹುಡುಕಿದ ಕೈಗಳ ಗುರುತು ಆ ಪುಟ್ಟ ಹಿತ್ತಾಳೆ ಸ್ಕ್ರೂವಿನ ಹರಿದ ಗೀರಿನಲ್ಲಿ ಉಳಿದಿದೆ. ಪ್ಲಗ್ಗನ್ನು ಕಿತ್ತು ಅದರ ತುದಿಯ ಬಣ್ಣ ನೋಡುವ ರೂಢಿ, ಕಾಫಿಬಣ್ಣವಾದರೆ ಸರಿ, ಒದ್ದೆಗಪ್ಪಾದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಾದರೆ ಗಾಳಿ ಹೆಚ್ಚು ಎಂಬ ಲೆಕ್ಕ, ಯಾವ ಮಾಪಕವೂ ಇಲ್ಲದ ಗ್ಯಾರೇಜಿನಲ್ಲಿ ಮಾಪಕದ ಕೆಲಸ ಮಾಡಿತು. ಆದರೆ ಗಾಳಿ ಹೆಚ್ಚಾಗಿದೆಯೆಂದು ಅದು ಹೇಳಬಲ್ಲದು, ಯಾವ ಬಾಗಿಲಿನಿಂದ ಬಂದಿತೆಂದು ಹೇಳಲಾರದು.

2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಕಾರ್ಬೋರೇಟರಿನ ಜಾಗವನ್ನು ಇಂಧನ ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಹಿಡಿಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ಗಾಡಿಗಳಿಗೆ ಇನ್ನೊಂದು ಕೆಲಸ ತಂದಿತು: ಎಥನಾಲ್ ನೀರನ್ನು ಹೀರುವ ಗುಣದ್ದಾದ್ದರಿಂದ ನಿಂತ ಗಾಡಿಯ ತೊಟ್ಟಿಯಲ್ಲಿ ಲೋಹ ಕೊರೆಯುತ್ತದೆ, ಹಳೆಯ ಕಾಲದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ.

ಇದರ ನಡುವೆ, ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವನ್ನು ಆಚರಿಸುವ ಅಭಿಮಾನಿಗಳಲ್ಲಿ ಮೂಲರೂಪದ ಹಂಬಲ ಬೆಳೆದು, ಸ್ಕ್ರೂಗಳ ಚರಿತ್ರೆ ಹಿಂದಕ್ಕೆ ತಿರುಗಿದೆ. ಗೀರುತಲೆಯ ಸ್ಕ್ರೂ ಸವೆದಾಗಲೆಲ್ಲ ಮೆಕ್ಯಾನಿಕ್ಕುಗಳು ಅದನ್ನು ಎಸೆದು ಆರು ಮೂಲೆಯ ಕುಳಿಯ ಅಲೆನ್ ಬೋಲ್ಟು ಹಾಕುತ್ತಿದ್ದರು; ಕೆಲಸದ ದೃಷ್ಟಿಯಿಂದ ಅದೇ ಸರಿಯಾದ ತೀರ್ಮಾನ. ಈಗ ಗುಜರಿಯ ಡಬ್ಬಗಳಿಂದ ಹಳೆಯ ಸ್ಕ್ರೂಗಳನ್ನು ಹೆಕ್ಕಿ, ಲೇತಿನಲ್ಲಿ ತಲೆಯನ್ನು ತೆಳುವಾಗಿ ಸವರಿ, ಉಳಿಯ ಕಚ್ಚುಗಳು ಮಾಯವಾದ ಮೇಲೆ ಗರಗಸದ ಅಲಗಿನಿಂದ ಗೀರನ್ನು ಮತ್ತೆ ಆಳಮಾಡಿ, ಲೋಹದ ಲೇಪ ಹಾಕಿಸಿ, ಅಲೆನ್ ಬೋಲ್ಟನ್ನು ಬಿಚ್ಚಿ ಅದರ ಜಾಗದಲ್ಲಿ ಕೂರಿಸುತ್ತಾರೆ.