ಅಮೃತಸರದ ಅಣ್ಣ-ತಮ್ಮ: ಗಾಮಾ ಮತ್ತು ಇಮಾಂ ಬಖ್ಶ್

ಟೀವಿಯಲ್ಲಿ ಕುಸ್ತಿ ನೋಡುವ ಮಕ್ಕಳಿಗೆ 'ಟ್ಯಾಗ್ ಟೀಮ್' ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಇಬ್ಬರು ಪೈಲ್ವಾನರು ಒಂದೇ ಪಕ್ಷ. ಒಬ್ಬ ಒಳಗೆ ಕಾದಾಡುತ್ತಿದ್ದರೆ ಇನ್ನೊಬ್ಬ ಹಗ್ಗ ಹಿಡಿದು ಹೊರಗೆ ನಿಂತಿರುತ್ತಾನೆ. ಒಳಗಿನವನು ದಣಿದು ಕೈ ಚಾಚಿ ಮುಟ್ಟಿದ ಕೂಡಲೇ ಹೊರಗಿನವನು ನುಗ್ಗುತ್ತಾನೆ. ಮಕ್ಕಳು ಅವರ ಹೆಸರು, ತೂಕ, ಎತ್ತರ ಎಲ್ಲವನ್ನೂ ಬಾಯಿಪಾಠ ಮಾಡಿರುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ನಮ್ಮದೇ ದೇಶದ ಇಬ್ಬರು ಸಹೋದರರು ಹಡಗು ಹತ್ತಿ ಲಂಡನ್ನಿಗೆ ಹೋಗಿ, ಯೂರೋಪು ಅಮೆರಿಕಗಳ ಹೆಸರಾಂತ ಪೈಲ್ವಾನರನ್ನು ಕೆಡವಿ ಬಂದ ಸಂಗತಿ ಅವರಿಗೆ ಗೊತ್ತಿಲ್ಲ. ಆ ಅಣ್ಣ ಗಾಮಾ, ತಮ್ಮ ಇಮಾಂ ಬಖ್ಶ್. ಇವರು ಒಂದೇ ಕಣದಲ್ಲಿ ಸರದಿಯ ಮೇಲೆ ಇಳಿದವರಲ್ಲ, ಒಬ್ಬೊಬ್ಬರೇ ಸೆಣಸಿದವರು. ಆದರೂ ಕುಸ್ತಿಯ ಇತಿಹಾಸದಲ್ಲಿ ಇವರಷ್ಟು ನಿಜವಾದ ಜೋಡಿ ಸಿಗುವುದು ವಿರಳ.

ತಬ್ಬಲಿ ಮಕ್ಕಳು

ಗಾಮಾ ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್. 1878ರಲ್ಲಿ ಅಮೃತಸರದ ಸೀಮೆಯಲ್ಲಿ, ಕಾಶ್ಮೀರಿ ಮೂಲದ ಕುಸ್ತಿಯ ಮನೆತನದಲ್ಲಿ ಜನಿಸಿದರು. ತಂದೆ ಮುಹಮ್ಮದ್ ಅಜೀಜ್ ಬಖ್ಶ್ ಸ್ವತಃ ಪೈಲ್ವಾನರು. ಗಾಮಾನಿಗೆ ಸುಮಾರು ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಮ್ಮ ಇಮಾಂ ಬಖ್ಶ್ ಅವನಿಗಿಂತಲೂ ಚಿಕ್ಕವನು.

ಮಕ್ಕಳನ್ನು ತಾಯಿಯ ತಂದೆ ನೂನ್ ಪಹಲ್ವಾನರು ಕೈಹಿಡಿದರು. ಅವರೂ ಕಾಲವಾದ ಮೇಲೆ ಸೋದರಮಾವ ಈದಾ ಪಹಲ್ವಾನರು ಆ ಹೊಣೆ ಹೊತ್ತು, ಗಾಮಾನಿಗೆ ಉಸ್ತಾದರಾದರು. ತಬ್ಬಲಿ ಮಗುವಿಗೆ ಅನ್ನ ಹಾಕುವವರು ಸಿಗಬಹುದು, ವಿದ್ಯೆ ಕೊಡುವವರು ಸಿಗುವುದು ಅಪರೂಪ. ಈ ಮಕ್ಕಳಿಗೆ ಎರಡೂ ಒಂದೇ ಮನೆಯಲ್ಲಿ ಸಿಕ್ಕಿದವು.

1888ರಲ್ಲಿ ಜೋಧಪುರದ ಮಹಾರಾಜರು ಒಂದು ವಿಚಿತ್ರ ಸ್ಪರ್ಧೆ ಏರ್ಪಡಿಸಿದರು. ಕುಸ್ತಿಯಲ್ಲ, ಬರೀ ಬೈಠಕ್. ನಮ್ಮ ಗರಡಿಗಳಲ್ಲಿ ಬಸ್ಕಿ ಎನ್ನುತ್ತಾರಲ್ಲ, ಅದೇ. ಕೊನೆಯವರೆಗೆ ಯಾರು ಹೊಡೆಯುತ್ತಾರೋ ಅವರೇ ಗೆದ್ದವರು. ನಾಡಿನ ಮೂಲೆಮೂಲೆಗಳಿಂದ ನಾಲ್ಕು ನೂರಕ್ಕೂ ಹೆಚ್ಚು ಪೈಲ್ವಾನರು ಬಂದಿದ್ದರು. ಒಬ್ಬೊಬ್ಬರೇ ಸೋತು ಕುಳಿತರು. ಕೊನೆಗುಳಿದ ಹದಿನೈದು ಮಂದಿಯಲ್ಲಿ ಹತ್ತು ವರ್ಷದ ಗಾಮಾ ಒಬ್ಬ! ವಯಸ್ಸನ್ನು ನೋಡಿ ಮಹಾರಾಜರು ಅವನನ್ನೇ ವಿಜೇತನೆಂದು ಸಾರಿದರು. ಮುಂದೆ ದತಿಯಾ ಸಂಸ್ಥಾನದ ಅರಸರ ಆಶ್ರಯ ಅವನಿಗೆ ದೊರೆಯಿತು.

ಉರ್ದು ಶಾಲೆಯ ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ದಿನದಿನದ ಈ ಸಾಧನೆಗೆ ಉರ್ದುವಿನಲ್ಲಿ 'ರಿಯಾಜ್' ಎನ್ನುತ್ತಾರೆ. ಸಂಗೀತಗಾರರ ರಿಯಾಜ್ ಇದೇ, ಪೈಲ್ವಾನರ ರಿಯಾಜ್ ಕೂಡ ಇದೇ. ನೀವು ತರಗತಿಯಲ್ಲಿ ಕಲಿಯುವ ಗಣಿತಕ್ಕೆ 'ರಿಯಾಜಿ' ಎಂಬ ಹೆಸರು ಬಂದಿರುವುದೂ ಅದೇ ಮೂಲದಿಂದ. ಮಾಡಿ ಮಾಡಿ ಕೈವಶ ಮಾಡಿಕೊಳ್ಳುವಂಥದ್ದು ಎಂದರ್ಥ. ಗಾಮಾ ಮತ್ತು ಇಮಾಂ ಬಖ್ಶರ ದಿನಚರಿಯಲ್ಲಿ ಸಾವಿರಗಟ್ಟಲೆ ಬಸ್ಕಿ, ಸಾವಿರಗಟ್ಟಲೆ ದಂಡ, ಆಮೇಲೆ ಮಟ್ಟಿಯ ಮಣ್ಣನ್ನು ಗುದ್ದಲಿಯಿಂದ ಅಗೆದು ಹದ ಮಾಡುವ ಕೆಲಸ, ಅದರ ಮೇಲೆ ಹತ್ತಾರು ಮಂದಿಯೊಂದಿಗೆ ಜೋರ್, ಅಂದರೆ ಅಭ್ಯಾಸದ ಕುಸ್ತಿ, ಇರುತ್ತಿತ್ತು. ಪೈಲ್ವಾನನಿಗೆ ಜೋರ್ ಮಾಡಲು ಸರಿಸಮನಾದ ಜೊತೆಗಾರ ಬೇಕು. ಗಾಮಾ ಅವರಿಗೆ ಅಂಥ ಜೊತೆಗಾರ ಮನೆಯಲ್ಲೇ ಇದ್ದರು. ಅಣ್ಣನದು ಸುಮಾರು ಐದು ಅಡಿ ಏಳು ಅಂಗುಲದ ಗಟ್ಟಿಮುಟ್ಟಾದ ಮೈಕಟ್ಟು. ತಮ್ಮ ಅಣ್ಣನಿಗಿಂತ ಎತ್ತರ, ಚುರುಕು.

ಹದಿನೇಳರ ಹರೆಯದಲ್ಲಿ, 1895ರಲ್ಲಿ, ಗಾಮಾ ಗುಜ್ರಾನ್ವಾಲಾದ ರಹೀಂ ಬಖ್ಶ್ ಸುಲ್ತಾನಿವಾಲಾರನ್ನು ಎದುರಿಸಿದರು. ರಹೀಂ ಏಳಡಿಗೆ ಹತ್ತಿರವಿದ್ದ ಆಳು, ಆ ಕಾಲದ ಅಗ್ರಗಣ್ಯ ಮಲ್ಲ. ಕುಸ್ತಿ ಗಂಟೆಗಟ್ಟಲೆ ನಡೆದು ಸಮಬಲವಾಯಿತು. ಹುಡುಗನೊಬ್ಬ ರಹೀಂ ಮುಂದೆ ಸೋಲದೆ ನಿಂತ ಎಂಬುದೇ ನಾಡಿನ ತುಂಬಾ ಸುದ್ದಿಯಾಯಿತು.

ಲಂಡನ್, 1910

1910ರಲ್ಲಿ ಬೆಂಜಮಿನ್ ಎಂಬ ಆಂಗ್ಲ ವ್ಯವಸ್ಥಾಪಕರು ನಾಲ್ವರು ಪೈಲ್ವಾನರ ತಂಡವನ್ನು ಲಂಡನ್ನಿಗೆ ಕರೆದೊಯ್ದರು. ಗಾಮಾ, ಇಮಾಂ ಬಖ್ಶ್, ಅಹ್ಮದ್ ಬಖ್ಶ್ ಮತ್ತು ಗಾಮು. ಪ್ರವಾಸಕ್ಕೆ ಬಂಗಾಳದ ಶ್ರೀಮಂತ ಶರತ್ ಕುಮಾರ್ ಮಿತ್ರರ ಹಣದ ನೆರವಿತ್ತು. ಪಂಜಾಬಿನ ಮುಸಲ್ಮಾನ ಪೈಲ್ವಾನರ ಪ್ರಯಾಣಕ್ಕೆ ಬಂಗಾಳದ ಹಿಂದೂ ಗೃಹಸ್ಥರೊಬ್ಬರ ಥೈಲಿ! ಬಂಗಾಳದ ವಿಭಜನೆಯ ವಿರುದ್ಧ ಸ್ವದೇಶಿ ಚಳವಳಿ ನಡೆದಿದ್ದ ಕಾಲವದು. ಆಳುವವರ ರಾಜಧಾನಿಯಲ್ಲೇ ಆಳಿಸಿಕೊಳ್ಳುವವರು ಗೆಲ್ಲುವುದೆಂದರೆ ಅದು ಬರೀ ಆಟವಾಗಿರಲಿಲ್ಲ.

ಆದರೆ ಅಲ್ಲಿ ಮೊದಲು ಎದುರಾದದ್ದು ಮುಚ್ಚಿದ ಬಾಗಿಲು. ಎತ್ತರ ಸಾಲದೆಂದು ಗಾಮಾ ಅವರಿಗೆ ಪಂದ್ಯಾವಳಿಯಲ್ಲಿ ಅವಕಾಶ ಸಿಗಲಿಲ್ಲ. ಆಗ ತಂಡದವರು ಪತ್ರಿಕೆಯ ಮೂಲಕ ಬಹಿರಂಗ ಸವಾಲು ಹಾಕಿದರು. ತಂಡದ ಯಾವನೇ ಪೈಲ್ವಾನನ ಎದುರು ಐದು ನಿಮಿಷ ಬೀಳದೆ ನಿಂತವರಿಗೆ ಐದು ಪೌಂಡ್ ಬಹುಮಾನ! ಬಹಳ ದಿನ ಯಾರೂ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಕೊನೆಗೆ ಮುಂದೆ ಬಂದವರು ಅಮೆರಿಕದ ಬೆಂಜಮಿನ್ ರೋಲರ್. ಅವರು ವೃತ್ತಿಯಿಂದ ವೈದ್ಯರೂ ಹೌದು. ಆಗಸ್ಟ್ 8ರಂದು ಆಲ್ಹಾಂಬ್ರಾ ರಂಗಮಂದಿರದಲ್ಲಿ ಗಾಮಾ ಅವರನ್ನು ಮೊದಲ ಸಲ 1 ನಿಮಿಷ 40 ಸೆಕೆಂಡುಗಳಲ್ಲಿ, ಎರಡನೆಯ ಸಲ 9 ನಿಮಿಷ 10 ಸೆಕೆಂಡುಗಳಲ್ಲಿ ಚಿತ್ ಮಾಡಿದರು. ಸೆಪ್ಟೆಂಬರ್ 5ರಂದು ತಮ್ಮನ ಸರದಿ. ಸ್ವಿಟ್ಜರ್‌ಲೆಂಡಿನ ಜಾನ್ ಲೆಮ್ ಯೂರೋಪಿನ ಬಲಾಢ್ಯರಲ್ಲಿ ಒಬ್ಬರು. ಇಮಾಂ ಬಖ್ಶ್ ಅವರನ್ನು ಎರಡು ಬಾರಿ ಕೆಡವಿದರು. ಎರಡೂ ಸೇರಿ ಐದು ನಿಮಿಷ ಕೂಡ ಹಿಡಿಯಲಿಲ್ಲ. ಅಣ್ಣನೊಬ್ಬನೇ ಅಲ್ಲ, ಈ ಮನೆಯಲ್ಲಿ ಇನ್ನೊಬ್ಬನಿದ್ದಾನೆ ಎಂದು ಲಂಡನ್ನಿನ ಕ್ರೀಡಾಪ್ರಿಯರಿಗೆ ಆಗ ತಿಳಿಯಿತು.

ಸೆಪ್ಟೆಂಬರ್ 10ರಂದು ಗಾಮಾ ಎದುರು ನಿಂತವರು ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೋ. ಗೆದ್ದವರಿಗೆ 'ಜಾನ್ ಬುಲ್' ಬೆಲ್ಟ್ ಮತ್ತು 250 ಪೌಂಡ್. ಝ್ಬಿಸ್ಕೋ ಗಾಮಾ ಅವರಿಗಿಂತ ಬಹಳ ತೂಕದವರು, ಕುಸ್ತಿಯ ಪಟ್ಟುಗಳನ್ನೆಲ್ಲ ಬಲ್ಲವರು. ಮೊದಲ ನಿಮಿಷದಲ್ಲೇ ಗಾಮಾ ಅವರನ್ನು ಕೆಳಗೆ ತಂದರು. ಆಮೇಲೆ ಝ್ಬಿಸ್ಕೋ ಮಾಡಿದ್ದು ಒಂದೇ ಕೆಲಸ. ಹೊಟ್ಟೆಯಡಿಯಾಗಿ ಚಾಪೆಗೆ ಅಂಟಿಕೊಂಡು ಮಲಗಿಬಿಟ್ಟರು. ಎರಡೂವರೆ ಗಂಟೆ ಮೀರಿದರೂ ಅವರನ್ನು ಮಗುಚಿ ಬೆನ್ನು ನೆಲಕ್ಕೆ ತಾಗಿಸಲು ಗಾಮಾ ಅವರಿಂದಾಗಲಿಲ್ಲ. ಕತ್ತಲಾಗುತ್ತಾ ಬಂದು ಕುಸ್ತಿ ಸಮಬಲವೆಂದು ನಿಂತಿತು. ಒಂದು ವಾರ ಬಿಟ್ಟು, 17ರಂದು, ಮತ್ತೆ ಕುಸ್ತಿ ಗೊತ್ತಾಯಿತು. ಆ ದಿನ ಗಾಮಾ ಬಂದರು, ಜನ ಬಂದರು, ಝ್ಬಿಸ್ಕೋ ಬರಲಿಲ್ಲ. ಬೆಲ್ಟ್ ಗಾಮಾ ಅವರದಾಯಿತು.

ರುಸ್ತುಂ ಎಂಬ ಬಿರುದು

ಊರಿಗೆ ಮರಳಿದ ಮೇಲೆ ಗಾಮಾ ಅಲಹಾಬಾದಿನಲ್ಲಿ ತಮ್ಮ ಹಳೆಯ ಎದುರಾಳಿ ರಹೀಂ ಬಖ್ಶರೊಡನೆ ಮತ್ತೆ ಸೆಣಸಿದರು. ಈ ಸಲ ಗೆದ್ದರು. 'ರುಸ್ತುಂ-ಎ-ಹಿಂದ್' ಎಂಬ ಬಿರುದು ಬಂತು. ರುಸ್ತುಂ ಎಂದರೆ ಫಾರ್ಸಿ ಕವಿ ಫಿರ್ದೌಸಿಯ 'ಷಾಹನಾಮಾ' ಮಹಾಕಾವ್ಯದ ವೀರ. ಕನ್ನಡದಲ್ಲಿ ಬಲಶಾಲಿಗೆ ಭೀಮ ಎನ್ನುವ ಹಾಗೆ ಉರ್ದುವಿನಲ್ಲಿ ರುಸ್ತುಂ.

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ಆಶ್ರಯದಲ್ಲಿ ಗಾಮಾ ಇದ್ದಾಗ, 1928ರ ಜನವರಿಯಲ್ಲಿ, ಝ್ಬಿಸ್ಕೋ ಹಳೆಯ ಲೆಕ್ಕ ತೀರಿಸಲು ಅಲ್ಲಿಗೆ ಬಂದರು. ಅಷ್ಟರಲ್ಲಿ ಅವರು ಅಮೆರಿಕದಲ್ಲಿ ವಿಶ್ವ ಚಾಂಪಿಯನ್ ಪಟ್ಟವನ್ನೂ ಪಡೆದಿದ್ದರು. ಇಬ್ಬರೂ ಐವತ್ತರ ಹತ್ತಿರದವರು. ಈ ಸಲ ಚಾಪೆ ಇರಲಿಲ್ಲ, ಮಣ್ಣಿನ ಅಖಾಡ. ಒಂದು ನಿಮಿಷ ತುಂಬುವ ಮೊದಲೇ ಝ್ಬಿಸ್ಕೋ ಬೆನ್ನು ಮಣ್ಣು ಮುಟ್ಟಿತ್ತು. ಹದಿನೆಂಟು ವರ್ಷ ಗಾಮಾ ರಿಯಾಜ್ ಬಿಟ್ಟಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆಶ್ರಯ ತಪ್ಪಿದಾಗ

ಇಲ್ಲಿಯವರೆಗೆ ಹೇಳಿದ್ದು ಕೀರ್ತಿಯ ಕಥೆ. ಇನ್ನು ಹೇಳಬೇಕಾದದ್ದು ಅದರ ನೆರಳು.

ಆ ಕಾಲದ ಪೈಲ್ವಾನನಿಗೆ ಸಂಬಳವಿರಲಿಲ್ಲ, ಪಿಂಚಣಿಯಿರಲಿಲ್ಲ. ಹಾಲು, ತುಪ್ಪ, ಬಾದಾಮಿ, ಮಾಂಸದ ಖರ್ಚು ಸಾಮಾನ್ಯ ಮನೆ ತಡೆಯುವಂಥದ್ದಲ್ಲ. ದತಿಯಾ, ಪಟಿಯಾಲ, ಕೊಲ್ಹಾಪುರ, ಮೈಸೂರಿನಂಥ ಸಂಸ್ಥಾನಗಳ ಅರಸರು ಸಾಕಿದ್ದರಿಂದಲೇ ಕುಸ್ತಿ ಬೆಳೆದದ್ದು. ನಮ್ಮ ಮೈಸೂರಿನ ದಸರಾ ಕುಸ್ತಿಯೂ ಅರಮನೆಯ ನೆರಳಿನಲ್ಲೇ ಹೆಸರು ಮಾಡಿದ್ದು. 1947ರಲ್ಲಿ ದೇಶ ಇಬ್ಭಾಗವಾಯಿತು, ಸಂಸ್ಥಾನಗಳೂ ಹೋದವು. ಅಮೃತಸರದ ಆ ಸಹೋದರರ ಕುಟುಂಬ ಲಾಹೋರಿನಲ್ಲಿ ನೆಲೆಸಿತು. ಗಲಭೆಯ ದಿನಗಳಲ್ಲಿ ಗಾಮಾ ತಮ್ಮ ಮೊಹಲ್ಲಾದ ಹಿಂದೂ ನೆರೆಯವರ ಮನೆಗಳ ಮುಂದೆ ತಾವೇ ಕಾವಲು ನಿಂತು, ಅವರನ್ನು ಗಡಿಯತ್ತ ಕ್ಷೇಮವಾಗಿ ಸಾಗಹಾಕಿದರೆಂದು ಜನ ಇಂದಿಗೂ ನೆನೆಯುತ್ತಾರೆ.

ಆದರೆ ಅವರ ಕೊನೆಯ ವರ್ಷಗಳು ಸುಖದವಾಗಿರಲಿಲ್ಲ. ಕಾಯಿಲೆ ಕಾಡಿತು, ಕೈ ಬರಿದಾಯಿತು. ಗೆದ್ದ ಪದಕಗಳನ್ನು ಮಾರಬೇಕಾಯಿತೆಂಬ ಸುದ್ದಿ ಗಡಿಯಾಚೆಗೂ ಬಂತು. ಪಾಕಿಸ್ತಾನ ಸರ್ಕಾರ ನೆರವು ನೀಡಿತು. ಭಾರತದಿಂದ ಉದ್ಯಮಿ ಜಿ. ಡಿ. ಬಿರ್ಲಾ ಅವರು ಹಣ ಕಳುಹಿಸಿ, ತಿಂಗಳ ಪಿಂಚಣಿಯನ್ನೂ ಗೊತ್ತುಮಾಡಿದರು. 1960ರ ಮೇ 23ರಂದು ಗಾಮಾ ಲಾಹೋರಿನಲ್ಲಿ ಇಹಲೋಕ ತ್ಯಜಿಸಿದರು.

ತಮ್ಮನ ಮಕ್ಕಳು

ಗಾಮಾ ಅವರ ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ತಮ್ಮ ವಿದ್ಯೆಯನ್ನು ಅವರು ತಮ್ಮನ ಮಕ್ಕಳಿಗೆ ಧಾರೆಯೆರೆದರು. ತಬ್ಬಲಿಯಾಗಿದ್ದಾಗ ಅಜ್ಜ ಮತ್ತು ಮಾವ ತಮಗೆ ಮಾಡಿದ್ದನ್ನೇ ಅವರು ಮುಂದಿನವರಿಗೆ ಮಾಡಿದರು. ಇಮಾಂ ಬಖ್ಶರ ಮಕ್ಕಳಾದ ಭೋಲು, ಅಸ್ಲಂ, ಅಕ್ರಂ, ಆಜಂ, ಗೋಗಾ ಮುಂತಾದವರೇ 'ಭೋಲು ಸಹೋದರರು' ಎಂದು ಹೆಸರಾದವರು. ಹಿರಿಯರಾದ ಭೋಲು 1949ರಲ್ಲಿ ಕರಾಚಿಯಲ್ಲಿ ಗೆದ್ದು 'ರುಸ್ತುಂ-ಎ-ಪಾಕಿಸ್ತಾನ್' ಆದರು. 1967ರಲ್ಲಿ, ದೊಡ್ಡಪ್ಪ ಮತ್ತು ತಂದೆ ಗೆದ್ದಿದ್ದ ಅದೇ ಲಂಡನ್ನಿನಲ್ಲಿ, ಹೆನ್ರಿ ಪಿಯರ್ಲೊ ಅವರನ್ನು ಸೋಲಿಸಿದರು.

ಆಮೇಲೆ ಬಂತು 1976. ಜಪಾನಿನ ಆಂಟೋನಿಯೋ ಇನೋಕಿ ಆ ವರ್ಷ ಜೂನ್‌ನಲ್ಲಿ ಟೋಕಿಯೋದಲ್ಲಿ ಮುಹಮ್ಮದ್ ಅಲಿಯೊಡನೆ ಸೆಣಸಿ ಸಮಬಲ ಮಾಡಿಕೊಂಡಿದ್ದರು. ಡಿಸೆಂಬರ್ 12ರಂದು ಕರಾಚಿಯಲ್ಲಿ ಅವರ ಎದುರು ನಿಂತವರು ಅಕ್ರಂ. ಅಕ್ರಂ ಪರಾಕ್ರಮಿಯೇ, ಆದರೆ ಅವರ ಒಳ್ಳೆಯ ವರ್ಷಗಳು ಕಳೆದುಹೋಗಿದ್ದವು. ಇನೋಕಿ ಅವರಿಗಿಂತ ಚಿಕ್ಕವರು, ನಿತ್ಯವೂ ಕಣದಲ್ಲಿದ್ದವರು. ಮೂರನೆಯ ಸುತ್ತಿನಲ್ಲಿ ಇನೋಕಿ ತೋಳು ತಿರುಚಿದಾಗ ಅಕ್ರಂ ಅವರ ತೋಳೇ ಮುರಿಯಿತು. ಕ್ರೀಡಾಂಗಣ ತುಂಬಿದ್ದ ಜನ ಮೂಕರಾದರು. ಗಾಮಾ ಅವರ ಮನೆಯವರು ಸೋಲುವುದನ್ನು ಅವರು ಎಣಿಸಿಯೇ ಇರಲಿಲ್ಲ.

ಆ ಮನೆಯವರು ಅಳುತ್ತಾ ಕೂರಲಿಲ್ಲ. ಅಸ್ಲಂ ಅವರ ಮಗ ಝಾರಾ ಎಂಬ ಹುಡುಗನನ್ನು ಆಯ್ದು ಹಳೆಯ ಪದ್ಧತಿಯ ಕಠಿಣ ರಿಯಾಜಿಗೆ ಹಚ್ಚಿದರು. 1979ರ ಜೂನ್‌ನಲ್ಲಿ ಲಾಹೋರಿನಲ್ಲಿ ಇಪ್ಪತ್ತು ತುಂಬದ ಝಾರಾ ಇನೋಕಿಯನ್ನು ಐದು ಸುತ್ತು ಎದುರಿಸಿದ. ಯಾರೂ ಬೀಳಲಿಲ್ಲ. ಕುಸ್ತಿ ಮುಗಿದಾಗ ಇನೋಕಿ ತಾವೇ ಆ ಹುಡುಗನ ಕೈ ಎತ್ತಿ ಹಿಡಿದರು.

ಆ ನಂತರದ ದಿನಗಳು ದುಃಖದವು. 1981ರಲ್ಲಿ ಪ್ರದರ್ಶನ ಕುಸ್ತಿಯೊಂದರಲ್ಲಿ ಗೋಗಾ ಜೀವ ಕಳೆದುಕೊಂಡರು. 1985ರಲ್ಲಿ ಭೋಲು, 1991ರಲ್ಲಿ ಕೇವಲ ಮೂವತ್ತೊಂದರ ಪ್ರಾಯದಲ್ಲಿ ಝಾರಾ ತೀರಿಕೊಂಡರು. ಮುಂದೆ 2014ರಲ್ಲಿ ಇನೋಕಿ ಅದೇ ಮನೆತನದ ಹುಡುಗನೊಬ್ಬನನ್ನು ಓದು ಮತ್ತು ಕುಸ್ತಿ ಎರಡಕ್ಕೂ ಜಪಾನಿಗೆ ಕರೆಸಿಕೊಂಡರು. ತೋಳು ಮುರಿದ ಎದುರಾಳಿಯೇ ಆ ಮನೆಯ ಮಗುವಿಗೆ ಉಸ್ತಾದನಾದ ಈ ಸಂಗತಿಯನ್ನು ಮರೆಯುವಂತಿಲ್ಲ. ಇನೋಕಿ 2022ರಲ್ಲಿ ನಿಧನರಾದರು.

ವಿದ್ಯಾರ್ಥಿಗಳೇ, ಮೂರು ತಲೆಮಾರಿನ ಈ ಇತಿಹಾಸದಿಂದ ಏನನ್ನು ಎತ್ತಿಕೊಳ್ಳಬೇಕು? ಮನೆ, ಹೊಲ, ಹೆಸರು ಇವು ಪಿತ್ರಾರ್ಜಿತವಾಗಿ ಬರುತ್ತವೆ. ರಿಯಾಜ್ ಮಾತ್ರ ಸ್ವಯಾರ್ಜಿತ. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವರನ್ನು ಗೆಲ್ಲಿಸಿದ್ದು 1910ರ ಬೆಲ್ಟ್ ಅಲ್ಲ, ಆ ದಿನ ಬೆಳಗಿನವರೆಗೂ ಹೊಡೆದ ಬಸ್ಕಿ. ಕರಾಚಿಯಲ್ಲಿ ಅಕ್ರಂ ಅವರ ಬೆನ್ನಿಗೆ ಆ ಕಾಲದ ಅತಿ ದೊಡ್ಡ ಹೆಸರಿತ್ತು, ಆದರೆ ಹೆಸರು ತೋಳನ್ನು ಕಾಯಲಿಲ್ಲ. ಝಾರಾ ಹೆಸರನ್ನು ಬದಿಗಿಟ್ಟು ಬಸ್ಕಿಯಿಂದಲೇ ಆರಂಭಿಸಿದ, ಮಾನ ಉಳಿಸಿದ.

ಇನ್ನೊಂದು ಮಾತು ಹಿರಿಯರಿಗೆ. ಆರು ವರ್ಷದ ತಬ್ಬಲಿಯನ್ನು ಈದಾ ಪಹಲ್ವಾನರು ಅಖಾಡಕ್ಕೆ ಕರೆದೊಯ್ಯದಿದ್ದರೆ ಜಗತ್ತಿಗೆ ಗಾಮಾ ಎಂಬ ಹೆಸರೇ ತಿಳಿಯುತ್ತಿರಲಿಲ್ಲ. ಗಾಮಾ ಅವರ ಚಿತ್ರ ಎಲ್ಲ ಕಡೆ ಸಿಗುತ್ತದೆ. 2022ರ ಮೇ 22ರಂದು ಅವರ ಜನ್ಮದಿನಕ್ಕೆ ಗೂಗಲ್ ಕೂಡ ಚಿತ್ರ ಬರೆಸಿ ಗೌರವಿಸಿತು. ಈದಾ ಪಹಲ್ವಾನರ ಚಿತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಆದರೂ ಈ ಜೋಡಿಯ ಕಥೆ ಆರಂಭವಾದದ್ದು ಅವರ ಕೈಯಿಂದ.