ಒಂದು ರೋಲ್, 36 ಫ್ರೇಮ್, ಮೇಷ್ಟ್ರ ಒಂದೇ ನಿಯಮ

ಇವತ್ತಿನ ಕಥೆ ನಿಮ್ಮ ಫೋನ್ ಕ್ಯಾಮೆರಾ ಹುಟ್ಟೋದಕ್ಕೂ ಬಹಳ ಹಿಂದಿನದು. ಫಿಲ್ಮ್ ಹಾಕಿ ಆಕಾಶದ ಫೋಟೊ ತೆಗೆಯೋ ವಿದ್ಯೆಯ ಕಥೆ.

ಬೆಂಗಳೂರಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಒಬ್ಬರ ಮನೆ ತಾರಸಿ ಮೇಲೆ ಸೇರ್ತೀವಿ. ನಿಯಮ ಒಂದೇ: ಅಲ್ಲಿ ಮಾತು ಫಿಲ್ಮ್ ಬಗ್ಗೆ ಮಾತ್ರ. ಯಾರಾದ್ರೂ ಡಿಜಿಟಲ್ ಕ್ಯಾಮೆರಾ ವಿಷಯ ತೆಗೆದ್ರೆ, ನಮ್ಮ ಹಿರಿಯರು, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, "ಅದು ಕಾಫಿ ಆದ್ಮೇಲೆ" ಅಂತಾರೆ. ಮೊದಮೊದಲು ನನಗೆ ಇದು ಬರೀ ಹಠ ಅನ್ನಿಸ್ತಿತ್ತು. ಬಾಗಿಲು ಮುಚ್ಚಿಕೊಂಡು ಕೂತ್ರೆ ಹೊಸಬರು ಹೇಗೆ ಬರ್ತಾರೆ ಅಂತ ಜಗಳಾನೂ ಮಾಡಿದ್ದೆ.

ನನ್ನ ಮನಸ್ಸು ಬದಲಾಗಿದ್ದು ಒಂದು ರೋಲ್ ಹಾಳಾದ ಮೇಲೆ. ಡಿಜಿಟಲ್‌ನಲ್ಲಿ ಚೆನ್ನಾಗಿ ತೆಗೆಯೋ ಗೆಳೆಯನೊಬ್ಬ ಹೇಳಿದ್ದ: "ಎರಡೆರಡು ನಿಮಿಷದ ಫ್ರೇಮ್ ತೆಗಿ, ಆಮೇಲೆ ಎಲ್ಲಾ ಸೇರಿಸು." ಜನವರಿ ಚಳಿಯಲ್ಲಿ ಕೋಲಾರದ ಕಡೆ ತೋಟದಲ್ಲಿ ನಿಂತು ಮಹಾವ್ಯಾಧನ, ಅಂದ್ರೆ ಓರಾಯನ್‌ನ, ನೀಹಾರಿಕೆಗೆ ಗುರಿಯಿಟ್ಟು 36 ಫ್ರೇಮೂ ಹಾಗೇ ತೆಗೆದೆ. ಡೆವಲಪ್ ಮಾಡಿ ನೋಡಿದ್ರೆ ನಕ್ಷತ್ರಗಳ ಚುಕ್ಕಿ ಇದ್ವು, ನೀಹಾರಿಕೆಯ ನಡುಭಾಗದ ಮಸುಕು ಕಲೆ ಇತ್ತು. ಅದರ ರೆಕ್ಕೆಗಳು ಒಂದು ಫ್ರೇಮಲ್ಲೂ ಇರಲಿಲ್ಲ. ಇಲ್ಲದ್ದನ್ನ ಸೇರಿಸೋದು ಹೇಗೆ?

ಮೇಷ್ಟ್ರು ನೆಗೆಟಿವ್‌ನ ಬೆಳಕಿಗೆ ಹಿಡಿದು ನಕ್ಕರು. "ಫಿಲ್ಮ್‌ಗೆ ಮರೆವು ಜಾಸ್ತಿ ಕಣೋ. ನಿಧಾನಕ್ಕೆ ಹೇಳಿದ್ರೆ ಹೇಳಿದ್ದೆಲ್ಲ ಮರೆತುಬಿಡುತ್ತೆ."

ಇದು ತಮಾಷೆಯಲ್ಲ, ರಸಾಯನಶಾಸ್ತ್ರ. ಫಿಲ್ಮ್‌ನಲ್ಲಿರೋ ಬೆಳ್ಳಿ ಲವಣದ ಒಂದು ಕಣದ ಮೇಲೆ ಗುರುತು ನಿಲ್ಲಬೇಕಾದ್ರೆ ಕೆಲವು ಫೋಟಾನ್‌ಗಳು ಹತ್ತಿರ ಹತ್ತಿರ ಬಂದು ಬೀಳಬೇಕು. ಒಂದು ಬಂದು, ಇನ್ನೊಂದು ತಡವಾಗಿ ಬಂದ್ರೆ, ಅಷ್ಟರಲ್ಲಿ ಮೊದಲನೆಯದರ ಗುರುತು ಅಳಿಸಿಹೋಗಿರುತ್ತೆ. ಹಾಗಾಗಿ ಮಸುಕು ಬೆಳಕಲ್ಲಿ ಲೆಕ್ಕದ ಪ್ರಕಾರ ಸಮಯ ಎರಡು ಪಟ್ಟು ಮಾಡಿದ್ರೆ ಸಾಲಲ್ಲ, ಇನ್ನೂ ಜಾಸ್ತಿ ಕೊಡಬೇಕು. ಜರ್ಮನಿಯ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಶಿಲ್ಡ್ 19ನೇ ಶತಮಾನದ ಕೊನೆಯಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು. ಹೌದು, ಕಪ್ಪುಕುಳಿ ಲೆಕ್ಕದಲ್ಲಿ ಹೆಸರು ಬರುತ್ತಲ್ಲ, ಅವರೇ.

ಈ ಮರೆವಿನ ಜೊತೆ ಗುದ್ದಾಡಿದ್ದೇ ಈ ವಿದ್ಯೆಯ ಇತಿಹಾಸ. 1850ರಲ್ಲಿ ಹಾರ್ವರ್ಡ್‌ನಲ್ಲಿ ಅಭಿಜಿತ್ ನಕ್ಷತ್ರದ ಮೊದಲ ಫೋಟೊ ಬಂತು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ 51 ನಿಮಿಷ ಕಾದು ಅದೇ ಓರಾಯನ್ ನೀಹಾರಿಕೆಯನ್ನ ಹಿಡಿದರು. 1883ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಕಾಮನ್ ಇನ್ನೂ ಮುಂದೆ ಹೋದರು. ವೃತ್ತಿಯಲ್ಲಿ ಎಂಜಿನಿಯರ್, ಆಕಾಶ ಅವರ ಹವ್ಯಾಸ. ದುರ್ಬೀನಿಗೆ ಕಣ್ಣಿಟ್ಟು ನೋಡಿದ್ರೂ ಕಾಣದ ನಕ್ಷತ್ರಗಳು ಅವರ ಫಲಕದಲ್ಲಿ ಮೂಡಿದ್ವು. ಕ್ಯಾಮೆರಾ ಕಣ್ಣಿಗಿಂತ ಹೆಚ್ಚು ನೋಡಬಲ್ಲದು ಅಂತ ತೋರಿಸಿದವರಲ್ಲಿ ಒಬ್ಬ ಹವ್ಯಾಸಿ ಇದ್ದ ಅನ್ನೋದು ನನಗೆ ತುಂಬ ಇಷ್ಟವಾದ ಸಂಗತಿ.

1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದ ಒಂದು ಗಾಜಿನ ಫಲಕದ ಮೇಲೆ ಕೈಯಾರೆ ಗುರುತು ಹಾಕಿದ ಒಂದು ನಕ್ಷತ್ರದಿಂದ, ನಮ್ಮ ಗೆಲಾಕ್ಸಿಯ ಆಚೆಗೂ ಗೆಲಾಕ್ಸಿಗಳಿವೆ ಅಂತ ಖಚಿತವಾಯ್ತು. 1949ರಲ್ಲಿ ಹಾರ್ವರ್ಡ್‌ನಲ್ಲಿ ಓದ್ತಿದ್ದ ನಮ್ಮ ವೇಣು ಬಾಪು ತಾವೇ ತೆಗೆದ ಫಲಕದಲ್ಲಿ ಒಂದು ಧೂಮಕೇತು ಕಂಡರು. ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆ ಇದೆಯಲ್ಲ, ಅದನ್ನ ಕಟ್ಟಿದವರು ಇವರೇ.

ಆಮೇಲೆ ಹವ್ಯಾಸಿಗಳ ಅಡುಗೆಮನೆ ಕಾಲ ಬಂತು. ಕೊಡಾಕ್‌ನ ಟೆಕ್ನಿಕಲ್ ಪ್ಯಾನ್ ಫಿಲ್ಮನ್ನ ಹೈಡ್ರೋಜನ್, ನೈಟ್ರೋಜನ್ ಮಿಶ್ರಣ ತುಂಬಿದ ಡಬ್ಬಿಯಲ್ಲಿಟ್ಟು ಗಂಟೆಗಟ್ಟಲೆ ಬಿಸಿ ಮಾಡ್ತಿದ್ರು, ಅದರ ಮರೆವು ಕಮ್ಮಿ ಆಗಲಿ ಅಂತ. ಆದರೆ ಡಿಜಿಟಲ್ ಸೆನ್ಸರ್‌ಗೆ ಈ ಮರೆವಿನ ಕಾಯಿಲೆಯೇ ಇಲ್ಲ. ತನ್ನ ಮೇಲೆ ಬಿದ್ದ ಫೋಟಾನ್‌ಗಳಲ್ಲಿ ಬಹುಪಾಲನ್ನ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ಫಿಲ್ಮ್‌ಗೆ ದಕ್ಕೋದು ನೂರಕ್ಕೆ ಒಂದೆರಡು. ಹಾಗಾಗಿ ಯುದ್ಧದಲ್ಲಿ ಗೆದ್ದವರು ಯಾರು ಅನ್ನೋದರಲ್ಲಿ ಅನುಮಾನವೇನೂ ಇಲ್ಲ. 2004ರ ಹೊತ್ತಿಗೆ ಟೆಕ್ನಿಕಲ್ ಪ್ಯಾನ್ ಕೂಡ ನಿಂತುಹೋಯ್ತು.

ಹಾಗಾದ್ರೆ ನಮ್ಮ ತಾರಸಿಯ ನಿಯಮ ಯಾಕೆ? ನನ್ನ ಗೆಳೆಯನ ಸಲಹೆ ತಪ್ಪಾಗಿರಲಿಲ್ಲ, ಅವನ ಕ್ಯಾಮೆರಾಗೆ ಅದು ಸರಿಯೇ. ಎರಡೂ ಮಾತು ಒಂದೇ ಮೇಜಿನ ಮೇಲೆ ಬೆರೆತಾಗ ಗೆಲ್ಲೋದು ಹೆಚ್ಚು ಜನ ಬಲ್ಲ ಮಾತು. ಯಾವ ಫಿಲ್ಮ್‌ಗೆ ಎಷ್ಟು ಹೊತ್ತು, ಇಬ್ಬನಿ ಲೆನ್ಸ್ ಮೇಲೆ ಕೂರದ ಹಾಗೆ ಏನು ಮಾಡಬೇಕು, ಅರ್ಧ ಗಂಟೆ ಶಟರ್ ತೆರೆದಿಟ್ಟಾಗ ಮೌಂಟ್ ಜಾರಿದ್ರೆ ಹೇಗೆ ತಿದ್ದಬೇಕು, ಇದೆಲ್ಲ ಕೈಯಿಂದ ಕೈಗೆ ಬಂದ ತಿಳಿವಳಿಕೆ. ಒಂದು ತಲೆಮಾರು ಮಾತು ನಿಲ್ಲಿಸಿದ್ರೆ ಮುಗೀತು. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ತೆಗೆದ ಸೂರ್ಯನ ಫಲಕಗಳನ್ನ ಈಗ ಡಿಜಿಟಲ್ ಮಾಡಿದ್ದಾರೆ. ಅದರಲ್ಲಿ ಕಾಣೋ ಕಲೆ ಸೂರ್ಯನದ್ದೋ ಡೆವಲಪರ್‌ನದ್ದೋ ಅಂತ ಗುರುತಿಸೋ ಕಣ್ಣು ಮುಂದೆಯೂ ಬೇಕಲ್ವಾ?

ಈ ನಿಯಮಕ್ಕೆ ಬೆಲೆ ಕೊಟ್ಟಿದ್ದೀವಿ. ಬೇಸರವಾಗಿ ಇಬ್ಬರು ಬರೋದು ಬಿಟ್ಟರು, ಅದು ನನಗೆ ಈಗಲೂ ಚುಚ್ಚುತ್ತೆ. ಆದ್ರೆ ಹೋದ ತಿಂಗಳು ಕಾಲೇಜು ಹುಡುಗಿಯೊಬ್ಬಳು ಅಜ್ಜನ ಹಳೇ ಕ್ಯಾಮೆರಾ ಹಿಡ್ಕೊಂಡು ಬಂದಳು. "ಎಷ್ಟು ನಿಮಿಷ ಕೊಡ್ಲಿ, ಅಂಕಲ್?" ಅಂತ ಕೇಳಿದಳು. ಮೇಷ್ಟ್ರು ನನ್ನ ಕಡೆ ನೋಡಿದರು. ನನ್ನ ಹಾಳಾದ ರೋಲನ್ನ ತೆಗೆದು ಅವಳ ಕೈಗೆ ಕೊಟ್ಟೆ.

ಕಾಫಿ ತಣ್ಣಗಾಗಿತ್ತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.